ಆರಿದ್ರಾ ಪಕ್ಕದ ಕಪ್ಪು ಮೋಡ

ಆ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಕಲಾವತಿ ಹೊರಗಿನ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಜನವರಿ ತಿಂಗಳು. ಭದ್ರಾವತಿಯ ಕಾಗದನಗರದಲ್ಲಿ ನಮ್ಮ ಸಾಲಿನ ಮನೆಗಳಿಗೆ ಬಿಸಿಲು ತಡವಾಗಿ ಬರುತ್ತದೆ, ಹಾಗಾಗಿ ಶಾಲು ಹೊದ್ದಿದ್ದಳು. ಪಕ್ಕದ ಮನೆಯ ಸೆಲ್ವಿ ಅಕ್ಕ ಬೇಲಿಯ ಆಚೆಯಿಂದಲೇ ಕೂಗಿದಳು.

"ಏನ್ ಕಲಾ, ಇವತ್ತು ಶಿವಮೊಗ್ಗಕ್ಕೆ ಹೋಗಿ ದೊಡ್ಡ ಮನುಷಿ ಆಗ್ಬಿಡ್ತೀಯಂತೆ? ಪೇಪರ್‌ನಲ್ಲಿ ಫೋಟೋ ಬಂದ್ರೆ ನಮ್ಮನ್ನ ಮರೀಬೇಡಮ್ಮಾ."

"ಬಂದ್ರೆ ನಿಮ್ಮ ಬಾಗಿಲಿಗೇ ಅಂಟಿಸ್ತೀನಿ, ಸುಮ್ನಿರಿ ಅಕ್ಕ."

"ಬೇಡಪ್ಪ, ನಮ್ಮ ಮನೇವ್ರು ದಿನಾ ನಿನ್ನೇ ನೋಡ್ಕೊಂಡು ನಿಂತ್ಬಿಟ್ರೆ?"

ಮೂವರೂ ನಕ್ಕೆವು. ಮಧ್ಯಾಹ್ನ ಅವರೆಕಾಳಿನ ಸಾರು, ಅನ್ನ. ಊಟ ಆದ ಮೇಲೆ ನಾನು ಸ್ವಲ್ಪ ಮಲಗಿದೆ. ಅವಳು ಸೀರೆಗೆ ಇಸ್ತ್ರಿ ಹಾಕಿದಳು. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ನಮ್ಮ ಮನೆಯಲ್ಲಿ ಹಾಗೆ ಏನೂ ನಡೆಯದೆ ಕಳೆದ ದಿನ ಅದೇ ಕೊನೆಯದು.

ಹೋದ ವಾರ ಆ ಮನೆಯಲ್ಲಿ ಉಳಿದಿದ್ದ ಸಾಮಾನು ತರಲು ಹೋಗಿದ್ದೆ. ಬೀಗ ತೆಗೆದಾಗ ಹಳೆಯ ಕಾಗದ ತೇವ ಹಿಡಿದ ವಾಸನೆ ಬಂತು. ಕಾಗದದ ವಾಸನೆ ನನಗೆ ಹೊಸದಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿನ ಕಾಗದದ ಕಾರ್ಖಾನೆಯಲ್ಲಿ ಹಾಳೆಗಳನ್ನು ಪರೀಕ್ಷಿಸುವ ಕೆಲಸ ಮಾಡಿದವನು ನಾನು. ಆದರೂ ಒಳಗೆ ಕಾಲಿಡಲು ಆಗದೆ ಸ್ವಲ್ಪ ಹೊತ್ತು ಹೊರಗೇ ನಿಂತಿದ್ದೆ. ಅಲ್ಲಿ ನಿಂತಾಗ ಇದನ್ನು ಬರೆದಿಡಬೇಕು ಅನ್ನಿಸಿತು. ನನಗೆ ಬರೆಯುವ ಅಭ್ಯಾಸ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕಲಾ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದಳು. ಪ್ರಯೋಗಶಾಲೆಯ ಬೀರುಗಳ ಕೀಲಿ ಅವಳ ಹತ್ತಿರ ಇರುತ್ತಿತ್ತು. ಒಂದು ಬೀರುವಿನ ತಳದಲ್ಲಿ ಕಾಲು ಮುರಿದ ಸಣ್ಣ ದೂರದರ್ಶಕ ಬಿದ್ದಿತ್ತು. ನಿವೃತ್ತರಾಗಿ ಹೋಗುತ್ತಿದ್ದ ವಿಜ್ಞಾನದ ಮೇಷ್ಟ್ರು, "ತಗೊಂಡು ಹೋಗಮ್ಮ, ಇಲ್ಲಿದ್ರೆ ಗುಜರಿಗೆ ಹೋಗುತ್ತೆ" ಎಂದು ಒಂದು ನಕ್ಷತ್ರ ಪುಸ್ತಕವನ್ನೂ ಸೇರಿಸಿ ಕೊಟ್ಟರಂತೆ. ಮುರಿದ ಕಾಲಿಗೆ ನಾನು ಜಿಂಕ್ ಪೈಪು ಹಾಕಿಸಿಕೊಟ್ಟೆ. ಅಷ್ಟರಲ್ಲಿ ಕಾರ್ಖಾನೆ ನಿಂತು ಎಷ್ಟೋ ವರ್ಷವಾಗಿತ್ತು. ನಾನು ಶಿವಮೊಗ್ಗದ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮ್ಮ ಸಾಲಿನಲ್ಲಿ ಹೆಚ್ಚಿನ ಮನೆಗಳು ಖಾಲಿ. ಬೀದಿ ದೀಪಗಳು ಒಂದೊಂದಾಗಿ ಆರಿದವು, ಹೊಗೆ ಮೊದಲೇ ನಿಂತಿತ್ತು. ಜನ ಹೋದ ಮೇಲೆ ಕಾಗದನಗರಕ್ಕೆ ಆಕಾಶ ಬಂತು. ಊರು ಹಾಳಾದದ್ದಕ್ಕೆ ಸಂತೋಷಪಟ್ಟವಳು ಇಡೀ ಭದ್ರಾವತಿಯಲ್ಲಿ ನನ್ನ ಹೆಂಡತಿ ಒಬ್ಬಳೇ ಇರಬೇಕು.

ಮೃಗಶಿರ, ಆರಿದ್ರಾ ಅಂದರೆ ನನಗೆ ಮಳೆಗಳು. ಅವು ಆಕಾಶದಲ್ಲಿ ಕಾಣುವ ನಕ್ಷತ್ರಗಳೂ ಹೌದು ಅಂತ ಅವಳಿಂದ ಗೊತ್ತಾಯಿತು. ಚಳಿಗಾಲದಲ್ಲಿ ಸಂಜೆ ಏಳು ಗಂಟೆಗೆಲ್ಲ ಅವು ಪೂರ್ವದಲ್ಲಿ ಮೇಲೆ ಬಂದಿರುತ್ತವೆ. ಮೃಗಶಿರದ ಮೂರು ಚುಕ್ಕೆಗಳ ಕೆಳಗೆ ಮಸುಕಾದ ಒಂದು ಕಲೆ ಇದೆ, ಅದು ನೀಹಾರಿಕೆ. ಅವಳು ನೀಹಾರಿಕೆ ಅನ್ನುತ್ತಿರಲಿಲ್ಲ, ಮೋಡ ಅನ್ನುತ್ತಿದ್ದಳು. ಬೆಳಕಿನ ಮೋಡ, ಕಪ್ಪು ಮೋಡ. ಬೆಳಕಿನ ಮೋಡದ ಒಳಗೇ ನಕ್ಷತ್ರ ಇರುತ್ತದೆ, ಆದ್ದರಿಂದ ಹೊಳೆಯುತ್ತದೆ. ಕಪ್ಪು ಮೋಡಕ್ಕೆ ಸ್ವಂತ ಬೆಳಕು ಇಲ್ಲ.

"ಮತ್ತೆ ಅದು ಇದೆ ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ನಾನು ಕೇಳಿದ್ದೆ.

"ಹಿಂದಿರೋ ನಕ್ಷತ್ರ ಕಾಣಲ್ವಲ್ಲ, ಅದರಿಂದ. ಅಡ್ಡ ನಿಂತ್ರೆ ಮಾತ್ರ ಗೊತ್ತಾಗೋದು ಅದು."

"ನಿಮ್ಮಮ್ಮನ ಥರ ಅನ್ನು."

"ನಿಮ್ಮ ಥರಾನೂ" ಎಂದಿದ್ದಳು.

ನೋಡಿದ್ದನ್ನೆಲ್ಲ ಬರೆದಿಡುತ್ತಿದ್ದಳು. ನಾನು ಪ್ರೆಸ್ಸಿನಿಂದ ತಂದ ಕಟಿಂಗ್ ಹಾಳೆಗಳ ಮೇಲೆ ತಟ್ಟೆ ಇಟ್ಟು ವೃತ್ತ ಎಳೆಯುವಳು. ಅದರೊಳಗೆ ಪೆನ್ಸಿಲಿನಿಂದ ಒಂದೊಂದೇ ನಕ್ಷತ್ರ. ಬಿಳಿ ಹಾಳೆಯ ಮೇಲೆ ನಕ್ಷತ್ರ ಕಪ್ಪು ಚುಕ್ಕೆ, ಬೆಳಕಿನ ಮೋಡ ಬೆರಳಿನಿಂದ ಉಜ್ಜಿದ ಮಸಿ. ಕಪ್ಪು ಮೋಡ ಇರುವ ಕಡೆ ಏನನ್ನೂ ಬರೆಯುವಂತಿಲ್ಲ, ಹಾಳೆ ಖಾಲಿ ಬಿಡಬೇಕು. ಎಡಗಣ್ಣು ಮುಚ್ಚಿ ಬಲಗಣ್ಣನ್ನು ಗಾಜಿಗೆ ಇಟ್ಟು ಅಲುಗಾಡದೆ ನಿಲ್ಲುತ್ತಿದ್ದಳು. ಮಸುಕಾದ ವಸ್ತುವನ್ನು ನೇರ ನೋಡಿದರೆ ಅದು ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟರೆ ತಾನಾಗಿ ಕಾಣುತ್ತದೆ ಎಂದು ಮೇಷ್ಟ್ರ ಪುಸ್ತಕದಲ್ಲಿ ಇತ್ತು. ಆ ಮಾತನ್ನು ಅವಳು ಪೂರ್ತಿ ನಂಬಿದ್ದಳು. ಅದು ನಿಜವೂ ಹೌದು. ಅವಳಿಗೆ ಮೋಸವಾದದ್ದು ಆ ನಿಜದಿಂದಲೇ.

ಡಿಸೆಂಬರಿನಲ್ಲಿ ಆರಿದ್ರಾ ನಕ್ಷತ್ರದ ಪಕ್ಕ, ಆಕಾಶಗಂಗೆ ಹಾದುಹೋಗುವ ಕಡೆ, ಅವಳಿಗೆ ಒಂದು ಕಪ್ಪು ಮೋಡ ಸಿಕ್ಕಿತು. ಪುಸ್ತಕದಲ್ಲಿ ಇರಲಿಲ್ಲ. ನನ್ನನ್ನು ಕರೆದು ತೋರಿಸಿದಳು.

"ನಂಗೆ ಎಲ್ಲಾ ಕಡೆ ಚುಕ್ಕೆ ಕಾಣ್ತಿದೆ ಮಾರಾಯ್ತಿ."

"ನಿಮಗೆ ನೋಡೋಕೆ ಬರಲ್ಲ. ಸರೀರಿ ಆ ಕಡೆ."

ಶಿವಮೊಗ್ಗದಲ್ಲಿ ಆಕಾಶ ನೋಡುವವರ ಒಂದು ಗುಂಪು ಇತ್ತು. ತಿಂಗಳಿಗೊಮ್ಮೆ ಒಬ್ಬರ ಮನೆಯ ತಾರಸಿಯ ಮೇಲೆ ಸೇರುತ್ತಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದ ಒಬ್ಬರು ಅದರ ಹಿರಿಯರು. ಎಲ್ಲರೂ ಅವರನ್ನು ಪ್ರೊಫೆಸರ್ ಅನ್ನುತ್ತಿದ್ದರು. ಆ ಭಾನುವಾರ ನಾವು ಹೊರಟದ್ದು ಅಲ್ಲಿಗೆ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಚಿತ್ರಗಳ ಫೈಲನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳು. ದಾರಿಯಲ್ಲಿ ಒಮ್ಮೆ, "ಇಂಗ್ಲಿಷಲ್ಲಿ ಕೇಳಿದ್ರೆ ನೀವು ಹೇಳ್ತೀರಾ?" ಎಂದು ಕೇಳಿದಳು. "ನಂಗೆಲ್ಲಿ ಬರುತ್ತೆ?" ಅಂದೆ. "ಹಂಗಾದ್ರೆ ಇಬ್ರೂ ಸುಮ್ಮನೆ ನಿಂತ್ಕೊಳೋಣ" ಅಂದಳು.

ತಾರಸಿಯ ಮೇಲೆ ಹದಿನೈದು ಇಪ್ಪತ್ತು ಜನ ಇದ್ದರು. ಊರಿನ ದೀಪಗಳ ಬೆಳಕಿಗೆ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಪ್ರೊಫೆಸರ್ ಅವಳ ಫೈಲು ತೆಗೆದುಕೊಂಡು ಮೊಬೈಲಿನ ಟಾರ್ಚ್ ಹಾಕಿ ನೋಡಿದರು. ಮೊದಲ ಕೆಲವು ಹಾಳೆಗಳಿಗೆ ತಲೆಯಾಡಿಸಿದರು. ನನಗೆ ಹೆಮ್ಮೆಯಾಯಿತು. ಆರಿದ್ರಾ ಹಾಳೆ ಬಂದಾಗ ನಿಲ್ಲಿಸಿದರು.

"ಇದೇನಮ್ಮಾ ಇಲ್ಲಿ, ಇಷ್ಟು ದೊಡ್ಡ ಖಾಲಿ?"

"ಕಪ್ಪು ಮೋಡ ಸಾರ್. ಪುಸ್ತಕದಲ್ಲಿ ಇಲ್ಲ."

"ಪುಸ್ತಕದಲ್ಲಿ ಯಾಕಿಲ್ಲ ಅಂದ್ರೆ ಆಕಾಶದಲ್ಲೂ ಇಲ್ಲ. ನಲವತ್ತು ವರ್ಷದಿಂದ ನೋಡ್ತಿದ್ದೀನಿ ನಾನು ಆ ಜಾಗನ. ಮಧ್ಯಕ್ಕೆ ತಂದು ನೋಡಿದ್ರಾ?"

"ಮಧ್ಯಕ್ಕೆ ತಂದ್ರೆ ಹೊರಟೋಗುತ್ತೆ ಸಾರ್. ಅಲ್ಲಿ ನಕ್ಷತ್ರ ಬಂದುಬಿಡ್ತಾವೆ. ಪಕ್ಕದಲ್ಲಿ ಇಟ್ಕೊಂಡು ನೋಡಿದ್ರೆ ಮಾತ್ರ ಇರುತ್ತೆ."

ಯಾರೋ ಕಿಸಕ್ಕನೆ ನಕ್ಕರು. ಪ್ರೊಫೆಸರ್ ಫೈಲು ಮುಚ್ಚಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನೋಡಿದ್ರೆ ಓಡಿಹೋಗೋ ನೀಹಾರಿಕೆ! ಬಲು ನಾಚಿಕೆಯದ್ದು ಕಣ್ರೀ. ತಾಯೀ, ಆಕಾಶದಲ್ಲಿ ತೂತಿಲ್ಲ. ಮೊದಲು ಹೋಗಿ ಕಣ್ಣು ತೋರಿಸ್ಕೊಳ್ಳಿ. ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟ್ರಿಗೇನು ಬರ ಇಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಓದಿದವರ ನಡುವೆ ನಿಂತಿದ್ದೆ, ಅವರು ನಕ್ಕಾಗ ನಗದೆ ಇದ್ದರೆ ನಾನೂ ಅವಳ ಜೊತೆ ಪೆದ್ದನಾಗುತ್ತಿದ್ದೆ. ಕಲಾ ಅವರನ್ನು ಯಾರನ್ನೂ ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದಳು.

ಮಾರನೆಯ ಸಂಜೆ ಏಳು ಗಂಟೆಗೆ ಎಂದಿನಂತೆ ದೂರದರ್ಶಕ ಹೊರಗೆ ಇಟ್ಟಳು. ಸುಳ್ಳು ಅಂದವರಿಗೆ ತೋರಿಸಬೇಕು ಎಂಬ ಹಟ ಹಿಡಿದಿತ್ತು. ಮೊದಲು ವಾರಕ್ಕೆ ಎರಡು ಹಾಳೆ ಬರೆಯುತ್ತಿದ್ದವಳು ಈಗ ದಿನಾ ಬರೆಯತೊಡಗಿದಳು. ಚಂದ್ರ ಇರುವ ದಿನ ಮಾತ್ರ ಹೊರಗೆ ಬರುತ್ತಿರಲಿಲ್ಲ. ಚಂದ್ರನ ಬೆಳಕಿಗೆ ಮೋಡಗಳು ಕಾಣುವುದಿಲ್ಲ ಎಂದು ಅವನನ್ನು ಬೈಯುತ್ತಿದ್ದಳು.

ನಮ್ಮ ಮನೆಗೆ ಒಂದು ಹೊಸ ಮಾತು ಸಿಕ್ಕಿತ್ತು. ಸಾರಿಗೆ ಉಪ್ಪು ಜಾಸ್ತಿಯಾದರೆ ನಾನು, "ಕಣ್ಣು ತೋರಿಸ್ಕೋ" ಅನ್ನುತ್ತಿದ್ದೆ. ಬಾಗಿಲಿಗೆ ಭುಜ ತಾಗಿಸಿಕೊಂಡರೆ, "ಕಣ್ಣು ತೋರಿಸ್ಕೋ." ಸೆಲ್ವಿ ಅಕ್ಕನಿಗೆ ಕಥೆ ಹೇಳಿದವನೂ ನಾನೇ. ಅವಳು ಬೇಲಿಯ ಆಚೆಯಿಂದ, "ಕಲಾ, ನಮ್ಮ ಕೋಳಿ ನಿಮ್ಮ ಕಡೆ ಬಂತಾ? ಕಣ್ಣು ತೋರಿಸ್ಕೊಂಡು ನೋಡಮ್ಮಾ" ಅನ್ನುವಳು. ಕಲಾ ಒಂದೆರಡು ಸಲ ನಕ್ಕಳು. ಆಮೇಲೆ ಸುಮ್ಮನಾದಳು. ಸುಮ್ಮನಾದಳು ಅಂತ ನಾವು ನಿಲ್ಲಿಸಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಬಟ್ಟೆ ಮಡಚುತ್ತಾ ಹೇಳಿದಳು. "ರೀ, ಈ ಕಣ್ಣಂಚಲ್ಲಿ ಏನೋ ಮಿಂಚಿದ ಹಂಗಾಗುತ್ತೆ ಒಂದೊಂದ್ ಸಲ."

ನಾನು ಪೇಪರ್ ಓದುತ್ತಿದ್ದೆ. ತಲೆ ಎತ್ತಲಿಲ್ಲ. "ಬೆಳಕಿನ ಮೋಡ ಇರ್ಬೇಕು. ಬರೆದಿಟ್ಕೋ" ಅಂದೆ.

ಮತ್ತೆ ಅವಳು ಆ ವಿಷಯ ಎತ್ತಲಿಲ್ಲ.

ಶಿವರಾತ್ರಿಯ ದಿನ ಪ್ರೆಸ್ಸಿಗೆ ರಜೆ. ಕಲಾ ಉಪವಾಸವಿದ್ದು ಸೆಲ್ವಿ ಅಕ್ಕನ ಜೊತೆ ದೇವಸ್ಥಾನಕ್ಕೆ ಹೋಗಿದ್ದಳು. ನನಗೆ ಆ ಹೊತ್ತಿಗೆ ಒಳಗೊಳಗೆ ಪಾಪ ಅನ್ನಿಸತೊಡಗಿತ್ತು. ಅವಳ ಚಿತ್ರಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ, ಪ್ರೆಸ್ಸಿನಲ್ಲಿ ಒಂದು ಪುಸ್ತಕದ ಹಾಗೆ ಕಟ್ಟಿಸಿಕೊಡೋಣ ಎಂದು ಫೈಲು ತೆಗೆದು ಹಾಳೆಗಳನ್ನು ನಡುಮನೆಯ ನೆಲದ ಮೇಲೆ ಸಾಲಾಗಿ ಹರಡಿದೆ.

ಕಾರ್ಖಾನೆಯಲ್ಲಿ ನಾನು ಕಲಿತ ಮೊದಲ ಪಾಠ ಒಂದು ಇದೆ. ಒಂದು ಹಾಳೆಯಲ್ಲಿ ಕಲೆ ಇದ್ದರೆ ಅದು ತಿರುಳಿನ ಕಸ, ಹಾಳೆ ಎಸೆದು ಮುಂದೆ ಹೋಗು. ಹತ್ತು ಹಾಳೆಯಲ್ಲಿ ಒಂದೇ ಜಾಗದಲ್ಲಿ ಕಲೆ ಇದ್ದರೆ ಕಾಗದವನ್ನು ಬೈಯಬೇಡ, ಯಂತ್ರ ನಿಲ್ಲಿಸಿ ರೋಲರ್ ನೋಡು. ಹೊಸದಾಗಿ ಸೇರಿದ ಎಷ್ಟೋ ಜನರಿಗೆ ನಾನೇ ಇದನ್ನು ಹೇಳಿಕೊಟ್ಟಿದ್ದೆ.

ನೆಲದ ಮೇಲೆ ಕೃತ್ತಿಕೆ ಇತ್ತು, ಮೃಗಶಿರ ಇತ್ತು, ಆರಿದ್ರಾ ಇತ್ತು, ಪುನರ್ವಸು ಇತ್ತು. ಆಕಾಶದ ಬೇರೆ ಬೇರೆ ಜಾಗಗಳು. ಪ್ರತಿಯೊಂದು ವೃತ್ತದಲ್ಲೂ ಬಲಗಡೆ ಮೇಲೆ, ಗಡಿಯಾರದಲ್ಲಿ ಎರಡು ಗಂಟೆ ಇರುವ ಕಡೆ, ಅದೇ ಆಕಾರದ ಖಾಲಿ ಜಾಗ. ನವೆಂಬರಿನ ಹಾಳೆಯಲ್ಲಿ ಹುಣಸೆ ಬೀಜದಷ್ಟು. ಫೆಬ್ರವರಿಯ ಹಾಳೆಯಲ್ಲಿ ಹೆಬ್ಬೆರಳಿನಷ್ಟು.

ಆ ಸಂಜೆ ಅವಳು ಬರುವ ಮೊದಲು ದೂರದರ್ಶಕದ ಗಾಜು ಒರೆಸಿದೆ. ಕತ್ತಲಾಗುತ್ತಿದ್ದ ಹಾಗೆ ನನ್ನ ಎರಡೂ ಕಣ್ಣುಗಳಿಂದ ಒಂದಾದ ಮೇಲೊಂದು ನೋಡಿದೆ. ಗಾಜನ್ನು ತಿರುಗಿಸಿ ನೋಡಿದೆ. ಎಲ್ಲ ಕಡೆ ಚುಕ್ಕೆಗಳಿದ್ದವು. ಯಂತ್ರ ಸರಿಯಾಗಿತ್ತು. ಹಾಗಾದರೆ ಉಳಿದದ್ದು ಏನು ಎಂದು ನನಗೆ ಗೊತ್ತಾಯಿತು. ಹಾಳೆಗಳನ್ನು ಮೊದಲಿದ್ದ ಕ್ರಮದಲ್ಲೇ ಜೋಡಿಸಿ ಫೈಲು ಕಟ್ಟಿ ಇಟ್ಟೆ.

ಅವಳು ಪ್ರಸಾದ ತಂದು ಕೈಗೆ ಕೊಟ್ಟಳು. ನಾನು ಏನೂ ಹೇಳಲಿಲ್ಲ.

ಹೇಳುವುದಾದರೆ, ಆ ಪ್ರೊಫೆಸರ್ ಅಂದದ್ದೇ ಸರಿ ಎಂದು ಹೇಳಬೇಕಾಗಿತ್ತು. ಎರಡು ತಿಂಗಳಿಂದ ನಾನು ತಮಾಷೆ ಮಾಡಿದ ಮಾತನ್ನೇ ಈಗ ಗಂಭೀರವಾಗಿ ಆಡಬೇಕಾಗಿತ್ತು. ಅವಳು ನಂಬುತ್ತಿರಲಿಲ್ಲ, ಇನ್ನೂ ರೇಗಿಸುತ್ತಿದ್ದಾನೆ ಅಂದುಕೊಳ್ಳುತ್ತಿದ್ದಳು ಎಂದು ನನಗೆ ನಾನೇ ಹೇಳಿಕೊಂಡೆ. ಕಣ್ಣಿನ ಪೊರೆ ಇರಬಹುದು, ಈ ವಯಸ್ಸಿಗೆ ಎಲ್ಲರಿಗೂ ಬರುತ್ತೆ, ಯುಗಾದಿ ಕಳೀಲಿ ಎಂದೂ ಹೇಳಿಕೊಂಡೆ. ಆ ದಿನದಿಂದ ತಮಾಷೆ ಮಾತ್ರ ನಿಲ್ಲಿಸಿದೆ. ಹೀಗೆ ಒಂದು ತಿಂಗಳು ಹೋಯಿತು. ಆ ತಿಂಗಳೆಲ್ಲ ಅವಳು ಚಂದ್ರ ಇಲ್ಲದ ಪ್ರತಿ ಸಂಜೆ ಆ ಕಣ್ಣಿನಿಂದಲೇ ನೋಡಿ ಬರೆದಳು, ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ.

ಯುಗಾದಿಯ ಮರುದಿನ ಸಂಜೆ ಹೊಸ ಚಂದ್ರನನ್ನು ನೋಡುವುದು ನಮ್ಮ ಕಡೆಯ ಪದ್ಧತಿ. ನೋಡಿ, ಕೈಮುಗಿದು, ದೊಡ್ಡವರ ಕಾಲಿಗೆ ಬೀಳುತ್ತೇವೆ. ಕಾಗದನಗರದಲ್ಲಿ ಉಳಿದಿದ್ದ ನಾಲ್ಕೈದು ಮನೆಯವರು ನಮ್ಮ ಅಂಗಳದಲ್ಲೇ ಸೇರಿದರು. ಪಡುವಣದಲ್ಲಿ ಮರಗಳ ಮೇಲೆ ಉಗುರಿನಷ್ಟು ತೆಳ್ಳಗೆ ಚಂದ್ರ ಇದ್ದ. ಸೆಲ್ವಿ ಅಕ್ಕ, "ನಮಗೆ ಕಾಣಲ್ಲಮ್ಮಾ, ನಿನ್ನ ಮಿಷಿನ್ ತಗೊಂಡು ಬಾ" ಅಂದಳು. ಇಡೀ ಚಳಿಗಾಲ ಚಂದ್ರನ ಕಡೆ ತಿರುಗದವಳು ಅವತ್ತು ನೆರೆಯವರಿಗೋಸ್ಕರ ದೂರದರ್ಶಕ ತಿರುಗಿಸಿ ಮೊದಲು ತಾನು ಕಣ್ಣಿಟ್ಟಳು.

ತುಂಬ ಹೊತ್ತು ಹಾಗೇ ಇದ್ದಳು. ತಲೆಯನ್ನು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಮಾಡಿದಳು. ಆಮೇಲೆ ಎಡಗಣ್ಣು ಇಟ್ಟು ನೋಡಿದಳು. ಮತ್ತೆ ಬಲಗಣ್ಣು.

"ಏನಾಯ್ತು ಕಲಾ, ಚಂದ್ರ ಓಡಿ ಹೋಯ್ತಾ?" ಎಂದು ಸೆಲ್ವಿ ಅಕ್ಕ ಕೇಳಿದಳು.

"ಅರ್ಧ ಇಲ್ಲ" ಅಂದಳು ಕಲಾ. "ಈ ಕಣ್ಣಲ್ಲಿ ನೋಡಿದ್ರೆ ಅರ್ಧ ಇಲ್ಲ. ನಾನು ಕಣ್ಣು ಹೊರಳಿಸಿದ ಕಡೆ ಅದೂ ಬರುತ್ತೆ." ಆಮೇಲೆ ನಿಧಾನವಾಗಿ, "ಕಣ್ಣು ತೋರಿಸ್ಕೋಬೇಕು" ಅಂದಳು.

ಅಂಗಳದಲ್ಲಿ ಇದ್ದವರೆಲ್ಲ ಹೋ ಎಂದು ನಕ್ಕರು. ಸೆಲ್ವಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರ ತಪ್ಪಲ್ಲ. ಅದು ಎಲ್ಲರಿಗೂ ಗೊತ್ತಿದ್ದ ತಮಾಷೆಯ ಮಾತು, ಅದನ್ನು ಹಂಚಿದವನು ನಾನು. ಕಲಾ ನಗುವವರ ನಡುವೆ ನಿಂತು ಮತ್ತೆ ನನ್ನ ಕಡೆ ನೋಡಿದಳು. ನಾನು ನಗುತ್ತಿರಲಿಲ್ಲ.

ಶಿವಮೊಗ್ಗದ ಡಾಕ್ಟರು ಮೊದಲು ಎರಡೂ ಕಣ್ಣು ತೆರೆದು ಓದಿಸಿದರು. ಕೊನೆಯ ಸಾಲಿನವರೆಗೂ ಓದಿದಳು. ಎಡಗಣ್ಣು ಮುಚ್ಚಿಸಿದ ಮೇಲೆ ಬಲಗಡೆಯ ಅಕ್ಷರಗಳು ಅವಳಿಗೆ ಇರಲಿಲ್ಲ. ಔಷಧಿ ಹಾಕಿ ಒಳಗೆ ದೀಪ ಬಿಟ್ಟು ನೋಡಿ, ಕುರ್ಚಿ ಹಿಂದೆ ಸರಿಸಿ ಕೂತರು. ಎರಡು ಕಣ್ಣಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ, ಅದಕ್ಕೇ ಜನರಿಗೆ ಗೊತ್ತಾಗುವುದಿಲ್ಲ ಎಂದು ವಿವರಿಸಿದರು. ಕಣ್ಣಿನ ಹಿಂಭಾಗದಲ್ಲಿ ಗೆಡ್ಡೆ ಇತ್ತು. ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಕಣ್ಣು ತೆಗೆದರು. ಸ್ಕ್ಯಾನ್ ಮಾಡಿದಾಗ ಕ್ಯಾನ್ಸರ್ ಲಿವರಿಗೂ ಹೋಗಿತ್ತು.

ನಾನು ಅಲ್ಲಿನ ಡಾಕ್ಟರನ್ನು ಒಬ್ಬನೇ ಹೋಗಿ ಕೇಳಿದೆ. "ಒಂದು ತಿಂಗಳ ಮೊದಲು ಬಂದಿದ್ರೆ?"

"ಒಂದು ತಿಂಗಳಲ್ಲಿ ಏನಾಗ್ತಿತ್ತು ಅಂತ ಯಾರೂ ಹೇಳೋಕಾಗಲ್ಲ" ಎಂದರು. ಏನೂ ಆಗುತ್ತಿರಲಿಲ್ಲ ಎಂದು ಅವರು ಹೇಳಲಿ ಎಂದು ನಾನು ಕಾದು ನಿಂತಿದ್ದೆ. ಅವರು ಬೇರೆ ರೋಗಿಯ ಹತ್ತಿರ ಹೋದರು.

ಕಲಾಗೆ ರೋಗದ ವಿಷಯವೆಲ್ಲ ಗೊತ್ತಾದ ದಿನ ಅವಳು ಅತ್ತದ್ದು ಜೀವಕ್ಕಲ್ಲ. "ಹಂಗಾದ್ರೆ ಅದು ಇರ್ಲೇ ಇಲ್ಲ ಅಲ್ವಾ?" ಎಂದು ಕೇಳಿದಳು. ಯಾವುದು ಎಂದು ನಾನು ಕೇಳಬೇಕಾಗಿರಲಿಲ್ಲ. ಒಂದು ಗಂಟೆ ಗೋಡೆಯ ಕಡೆ ತಿರುಗಿ ಮಲಗಿದ್ದು, ಆಮೇಲೆ ಅವಳೇ ಹೇಳಿದಳು. "ಒಂದ್ ರೀತೀಲಿ ನಂದೇ ಆಯ್ತು ಬಿಡಿ. ಇನ್ಯಾರಿಗೂ ಕಾಣಲ್ಲ." ನಗಲು ಹೋದಳು, ಪಟ್ಟಿ ಕಟ್ಟಿದ ಕಡೆ ನೋವಾಗಿ ನಿಲ್ಲಿಸಿದಳು.

ಮೇ ತಿಂಗಳಿಗೆ ಹಳದಿಯಾದಳು. ಊಟ ಸೇರುತ್ತಿರಲಿಲ್ಲ. ಸೆಲ್ವಿ ಅಕ್ಕ ದಿನಾ ಗಂಜಿ ತಂದು, ಮಾತಾಡದೆ ಚಮಚದಲ್ಲಿ ಕುಡಿಸಿ ಹೋಗುತ್ತಿದ್ದಳು. ತಮಾಷೆಯ ಆ ಹೆಂಗಸು ಬೇಲಿಯ ಹತ್ತಿರ ಹೋಗಿ ಸೆರಗು ಬಾಯಿಗೆ ಹಿಡಿದುಕೊಳ್ಳುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಕಲಾ ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ಆವತ್ತು ಚಂದ್ರನ್ನ ನೋಡಿದಾಗ ಎಲ್ರೂ ನಕ್ಕರು. ನೀವೊಬ್ರು ನಗಲಿಲ್ಲ."

ನಾನು ಅವಳ ಕೈ ನೋಡುತ್ತಾ ಕೂತಿದ್ದೆ.

"ಶಿವಮೊಗ್ಗದಲ್ಲಿ ನಕ್ಕಿದ್ರಿ. ಬಹಳ ಬೇಜಾರಾಗಿತ್ತು ನಂಗೆ. ಶಿವರಾತ್ರಿ ಆದ್ಮೇಲೆ ರೇಗಿಸೋದೂ ಬಿಟ್ರಿ. ನಂಗೆ ಗೊತ್ತಾಯ್ತು. ಒಳ್ಳೇರು ನೀವು, ನಾನೇ ತಪ್ಪು ತಿಳ್ಕೊಂಡಿದ್ದೆ."

ಆಗ ಹೇಳಬಹುದಾಗಿತ್ತು. ಶಿವರಾತ್ರಿಯ ದಿನ ಹಾಳೆಗಳನ್ನು ಹರಡಿದ್ದೆ, ಕಂಡುಹಿಡಿದಿದ್ದೆ, ಹೇಳಲು ಹೆದರಿ ಸುಮ್ಮನಿದ್ದೆ ಎಂದು. ಅವಳಿಗೆ ಇನ್ನೂ ಮಾತಾಡುವ ಶಕ್ತಿ ಇತ್ತು, ಕೇಳುವ ಬುದ್ಧಿ ಇತ್ತು. ನಾನು, "ಸ್ವಲ್ಪ ನೀರು ಕುಡೀತೀಯಾ?" ಅಂದೆ. ಕುಡಿದಳು.

ಆರಿದ್ರಾ ಮಳೆ ಶುರುವಾದ ಮೂರನೆಯ ದಿನ ಬೆಳಿಗ್ಗೆ ಹೋದಳು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಪ್ರೊಫೆಸರ್ ಬಂದಿದ್ದರು. ಯಾರು ಹೇಳಿದರೋ ಗೊತ್ತಿಲ್ಲ. ಛತ್ರಿ ಮಡಚಿ ಬಾಗಿಲಲ್ಲಿ ನಿಂತು, "ನಾನು ಆವತ್ತು ತಮಾಷೆಗೆ ಅಂದಿದ್ದಪ್ಪ" ಅಂದರು.

"ನಾನೂ ತಮಾಷೆಗೇ ನಕ್ಕಿದ್ದು ಸಾರ್" ಅಂದೆ.

ಊಟ ಮಾಡಿ ಹೋಗುವಾಗ ಆ ಚಿತ್ರಗಳನ್ನು ಕೊಡಬಹುದೇ ಎಂದು ಕೇಳಿದರು. ಹೊಸದಾಗಿ ಆಕಾಶ ನೋಡಲು ಬರುವವರಿಗೆ ತೋರಿಸುತ್ತಾರಂತೆ, ಕಣ್ಣಿನ ದೋಷ ಹೇಗೆ ಗುರುತಿಸಬೇಕು ಎಂದು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಅವರಿಗಿಂತ ನಾನು ಒಳ್ಳೆಯವನಾಗಿರಬೇಕಿತ್ತು. ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟೆ. ಈಗಲೂ ತಿಂಗಳಿಗೊಮ್ಮೆ ಆ ತಾರಸಿಯ ಮೇಲೆ ಅವಳ ಹಾಳೆಗಳನ್ನು ಒಂದರ ಪಕ್ಕ ಒಂದು ಇಟ್ಟು ತೋರಿಸುತ್ತಾರಂತೆ. ನೋಡಿದ ಕೂಡಲೇ ಎಂಥವರಿಗೂ ಗೊತ್ತಾಗುತ್ತದಂತೆ.

ನಾನು ಈಗ ಶಿವಮೊಗ್ಗದಲ್ಲಿ ಪ್ರೆಸ್ಸಿನ ಹತ್ತಿರ ಒಂದು ಕೋಣೆ ಮಾಡಿಕೊಂಡಿದ್ದೇನೆ. ಸಂಬಂಧಿಕರು ಸಿಕ್ಕಾಗ, ಕೊನೆಗಾಲದಲ್ಲಿ ಚೆನ್ನಾಗಿ ನೋಡಿಕೊಂಡೆ ಎಂದು ಹೊಗಳುತ್ತಾರೆ. ಕಲಾ ಅವರಿಗೆಲ್ಲ ಫೋನಿನಲ್ಲಿ ಹಾಗೇ ಹೇಳಿದ್ದಳಂತೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಎಷ್ಟೋ ಸಲ ಬೈದಿದ್ದಾಳೆ, ಬಹಳ ಸಣ್ಣ ಸಣ್ಣ ವಿಷಯಕ್ಕೆ. ಈ ಒಂದಕ್ಕೆ ಅವಳಿಂದ ನನಗೆ ಬರಬೇಕಾಗಿದ್ದ ಬೈಗುಳ ಮಾತ್ರ ಬಂದಿಲ್ಲ.